ಅಲುಗಾಡದಂತೆ ಕಟ್ಟಿದ ತೋಳು

ಮನೆ ಸಾಮಾನು ಸಾಗಿಸುವ ಆ ಕಂಪನಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವನು ಗಾಜಣ್ಣ. ಲೋಟ, ಕನ್ನಡಿ, ದೀಪದ ಬುರುಡೆ, ಯಾರದೋ ಅತ್ತೆ ಕೊಟ್ಟ ಪಿಂಗಾಣಿ ತಟ್ಟೆ, ಒಡೆಯುವಂಥದ್ದು ಏನೇ ಇರಲಿ, ಅದು ಅವನ ಪಾಲು. ಇಪ್ಪತ್ತೇಳು ವರ್ಷಗಳಲ್ಲಿ ಅವನು ಕಟ್ಟಿದ ಪೆಟ್ಟಿಗೆಯೊಳಗೆ ಒಂದೇ ಒಂದು ಲೋಟದ ಅಂಚು ಕೂಡ ಮುಕ್ಕಾದದ್ದಿಲ್ಲ. ಇದನ್ನು ಬೇರೆಯವರು ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ, ದಿನಕ್ಕೆರಡು ಸಲ ಅವನೇ ಹೇಳುತ್ತಿದ್ದ.

ಅವನ ವಿದ್ಯೆ ಇಷ್ಟೇ. ಪೆಟ್ಟಿಗೆ ತುಂಬಿ ಟೇಪು ಹಚ್ಚುವ ಮುಂಚೆ ಅದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸುತ್ತಿದ್ದ. ಒಳಗಿಂದ ಟಿಕ್ ಎಂದರೆ ಸಾಕು, ಪೂರ್ತಿ ಬಿಚ್ಚಿ, ಕಾಗದ ಮುದ್ದೆ ಮಾಡಿ ಸಂದುಗೊಂದಿಗಳಿಗೆಲ್ಲ ತುರುಕಿ ಮತ್ತೆ ಕಟ್ಟುತ್ತಿದ್ದ. “ಒಳಗೆ ಜಾಗ ಬಿಟ್ರೆ ಸಾಮಾನು ಕುಣಿಯುತ್ತೆ. ಬಿಗಿಯಾಗಿ ಕೂರಿಸಿದ್ರೆ ಲಾರಿ ಗುಂಡಿಗೆ ಬಿದ್ರೂ ಏನಾಗಲ್ಲ,” ಎಂದು ಹೊಸಬರಿಗೆ ಪಾಠ ಹೇಳುವಾಗ ಅವನ ಮುಖದಲ್ಲಿ ವಿಶ್ವವಿದ್ಯಾಲಯದ ಕಳೆ ಬರುತ್ತಿತ್ತು.

ಹೀಗೆ ನೆಟ್ಟಗೆ ನಡೆಯುತ್ತಿದ್ದ ಬಾಳಿಗೆ ಒಂದು ದಿನ ಮೂರನೇ ಮಹಡಿಯಿಂದ ಇಳಿಯುವಾಗ ಅಡ್ಡಿ ಬಂತು. ಆಳೆತ್ತರದ ನಿಲುವುಗನ್ನಡಿಯನ್ನು ತಬ್ಬಿಕೊಂಡು ಮೆಟ್ಟಿಲಿಳಿಯುತ್ತಿದ್ದವನು ನಡುವೆಯೇ ದೊಪ್ಪನೆ ಕೂತುಬಿಟ್ಟ. ಮೈಯೆಲ್ಲ ಬೆವರು, ಕಣ್ಣಿಗೆ ಮಬ್ಬು. ಕನ್ನಡಿ ಮಾತ್ರ ತೊಡೆಯ ಮೇಲೆ ಸುಖವಾಗಿತ್ತು. ಕೆಳಗಿನಿಂದ ಓಡಿಬಂದ ಲಾರಿಯ ಡ್ರೈವರ್ ಮೊದಲು ಕನ್ನಡಿ ಈಸಿಕೊಂಡ, ಆಮೇಲೆ ಅವನನ್ನು ಎಬ್ಬಿಸಿದ. ಹಾಗೆ ಮಾಡು ಎಂದವನೂ ಗಾಜಣ್ಣನೇ.

ವಿಷಯ ಕಂಪನಿಯ ಒಡತಿಯ ಕಿವಿಗೆ ಬಿತ್ತು. ಆಕೆ ಒಳ್ಳೆಯ ಹೆಂಗಸು, ಬೈಯಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. “ನಿಮಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತು. ಮೆಟ್ಟಿಲು, ಏಣಿ, ಭಾರ, ಇವೆಲ್ಲ ಮಾಡಬಹುದು ಅಂತ ಡಾಕ್ಟರ್ ಹತ್ರ ಬರೆಸ್ಕೊಂಡು ಬನ್ನಿ. ಅವರು ಬೇಡ ಅಂದ್ರೆ ಗೋಡೌನಿನಲ್ಲಿ ಕೂತ್ಕೊಂಡು ಪೆಟ್ಟಿಗೆ ಮಡಚೋ ಕೆಲಸ ಇದೆ,” ಎಂದಳು. ಖಾಲಿ ಪೆಟ್ಟಿಗೆ ಮಡಚುವುದು! ಗಾಜಣ್ಣನಿಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು.

ಡಾಕ್ಟರು ಹೆಚ್ಚು ಮಾತಿನವರಲ್ಲ. ಎಲ್ಲ ಕೇಳಿಸಿಕೊಂಡು, “ಕೆಲಸದ ಹೊತ್ತಿನಲ್ಲಿ ಸಕ್ಕರೆ ಇಳಿಯುತ್ತಾ ಅಂತ ನೋಡ್ಬೇಕು. ಇಳಿಯೋದಾದ್ರೆ ಭಾರ ಹೊತ್ತು ಮೆಟ್ಟಿಲಿಳೀಬಹುದು ಅಂತ ನಾನು ಬರ್ಕೊಡೋಕಾಗಲ್ಲ. ಹದಿನಾಲ್ಕು ದಿನ ಇದು ನಿಮ್ಮ ಮೈಮೇಲಿರಲಿ,” ಎಂದರು. ನರ್ಸು ಬಂದು ಎಡತೋಳಿನ ಹಿಂಬದಿಗೆ ಟಕ್ಕೆಂದು ಒಂದು ಸೆನ್ಸರ್ ಅಂಟಿಸಿದಳು. ಅಂಗಿಯ ದೊಡ್ಡ ಗುಂಡಿಯಷ್ಟಿತ್ತು. ಅದರಡಿಯಲ್ಲಿ ಕೂದಲೆಳೆಯಂಥ ತಂತಿ ಚರ್ಮದೊಳಗೆ ಕೂತು ಗಳಿಗೆಗೊಮ್ಮೆ ಸಕ್ಕರೆ ಅಳೆಯುತ್ತದಂತೆ. ಅಂಕಿ ಅವನ ಫೋನಿಗೂ ಬರುತ್ತದೆ, ಹೆಂಡತಿಯ ಫೋನಿಗೂ. ಎಪ್ಪತ್ತಕ್ಕಿಂತ ಕೆಳಗಿಳಿದರೆ ಎರಡೂ ಕೂಗಿಕೊಳ್ಳುತ್ತವೆ.

“ಜೋಪಾನ,” ಎಂದಳು ನರ್ಸು. “ಬಾಗಿಲ ಚೌಕಟ್ಟು, ಅಂಗಿ ತೋಳು, ಟವೆಲ್ಲು, ಚೀಲದ ಪಟ್ಟಿ, ಯಾವುದಕ್ಕೂ ಸಿಕ್ಕಿಸ್ಕೋಬೇಡಿ. ಕಿತ್ತುಬಂದ್ರೆ ಮತ್ತೆ ಮೊದಲಿನಿಂದ.”

ಒಡೆಯುವ ಸಾಮಾನನ್ನು ಜೋಪಾನ ಮಾಡು ಎಂದು ಗಾಜಣ್ಣನಿಗೆ ಹೇಳಿದ್ದಳು, ಪಾಪ. ಅವಳಿಗೇನು ಗೊತ್ತು ಎಂದು ಅವನು ಮನಸ್ಸಿನಲ್ಲೇ ನಕ್ಕ.

ನಗು ಮರುದಿನ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಬೆಳಗ್ಗೆ ಅಂಗಿ ತೊಡುವಾಗ ತೋಳು ಸಿಕ್ಕಿಕೊಂಡು ಅಂಟಿನ ಒಂದು ಮೂಲೆ ಎದ್ದಿತು. ಹತ್ತು ಗಂಟೆಗೆ ಬೀರು ತಿರುಗಿಸುವಾಗ ಅದರ ಚೂಪು ಅಂಚು ಸೆನ್ಸರನ್ನು ಸವರಿಕೊಂಡು ಹೋಯಿತು. ಬೆವರಿಗೆ ಇನ್ನೊಂದು ಮೂಲೆಯೂ ನೆನೆದು ಬಿಳಿಚಿಕೊಂಡಿತು. ಊಟದ ಹೊತ್ತಿಗೆ ಅವನು ಎಡತೋಳನ್ನು ಮೈಗೆ ತಾಗಿಸದೆ, ಗಾಳಿಯಲ್ಲೇ ಹಿಡಿದುಕೊಂಡು ಓಡಾಡತೊಡಗಿದ್ದ.

“ಏನಣ್ಣ, ಕಂಕುಳಲ್ಲಿ ಕುರು ಎದ್ದಿದೆಯಾ?” ಎಂದು ಡ್ರೈವರ್ ಕೇಳಿದ.

“ಸುಮ್ನಿರಪ್ಪಾ. ಇದು ಇವತ್ತು ಕಿತ್ತುಹೋದ್ರೆ ನನ್ನ ಕೆಲಸವೂ ಕಿತ್ತುಹೋದ ಹಾಗೆ.”

ಸಂಜೆ ಮನೆಗೆ ಬಂದವನೇ ಅಡುಗೆಮನೆಯ ಮೇಜಿನ ಮೇಲೆ ಅಂಗಡಿ ಹರಡಿದ. ಫೋಮಿನ ತುಂಡು, ಗುಳ್ಳೆಗಳ ಪ್ಲಾಸ್ಟಿಕ್ ಹಾಳೆ, ಒಂದು ಔಷಧಿ ಡಬ್ಬಿಯ ಗಟ್ಟಿ ಮುಚ್ಚಳ, ನಾಲ್ಕು ಬೆರಳಗಲದ ಎಲಾಸ್ಟಿಕ್ ಪಟ್ಟಿ. ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುವವಳು. ಗಂಡ ಹೇಳಿದ ಅಳತೆಗೆ ಒಂದು ತೋಳುಪಟ್ಟಿ ಹೊಲಿದಳು: ಒಳಗೆ ಫೋಮು, ಅದರ ಮೇಲೆ ಮುಚ್ಚಳ, ಮೇಲೆ ಎಲಾಸ್ಟಿಕ್.

“ಇನ್ನೂ ಎರಡು ಬೆರಳು ಒಳಗೆ ತಗೋ,” ಎಂದ.

“ರಕ್ತ ಓಡಾಡೋದು ಬೇಡ್ವೇನ್ರಿ?”

“ಸಡಿಲ ಬಿಟ್ರೆ ಒಳಗೆ ಕುಣಿಯುತ್ತೆ ಕಣೇ. ಕುಣಿದ್ರೆ ಕಿತ್ತು ಬರುತ್ತೆ.”

ಅವಳು ಒಳಗೆ ತೆಗೆದುಕೊಂಡಳು. ಪಟ್ಟಿ ತೊಟ್ಟು ಅವನು ತೋಳನ್ನು ಬಲವಾಗಿ ಕೊಡವಿದ, ಬಾಗಿಲಿಗೆ ಮೆಲ್ಲಗೆ ಗುದ್ದಿಸಿ ನೋಡಿದ, ಕೊನೆಗೆ ಕುತ್ತಿಗೆ ತಿರುಚಿ ಕಿವಿಯನ್ನು ತೋಳಿನ ಹತ್ತಿರ ತಂದು ಅಲುಗಿಸಿದ. ಟಿಕ್ ಎನ್ನಲಿಲ್ಲ. ಗೆದ್ದೆ ಎಂದುಕೊಂಡ. ಕೆಲಸಕ್ಕೆ ಹೋಗುವಾಗ ತೊಡುವುದು, ಮನೆಗೆ ಬಂದಮೇಲೆ ಬೆವರು ಆರಲಿ ಎಂದು ತೆಗೆಯುವುದು, ಹೀಗೆಂದು ನಿಯಮವೂ ಆಯಿತು.

ಮಾರನೇ ದಿನ ಒಂಬತ್ತು ಗಂಟೆಗೆ ಫೋನು ಕೂಗಿತು. ಅರವತ್ತೆರಡು.

ಗಾಜಣ್ಣ ಆಗ ಒಂದು ಮನೆಯ ಅಡುಗೆಕೋಣೆಯಲ್ಲಿ ಲೋಟಗಳಿಗೆ ಕಾಗದ ಸುತ್ತುತ್ತ ಹಾಯಾಗಿದ್ದ. ತಲೆ ಸುತ್ತುತ್ತಿರಲಿಲ್ಲ, ಹಸಿವೂ ಇರಲಿಲ್ಲ. ಫೋನು ನೋಡಿದ ಮೇಲೆ ಮಾತ್ರ ಎರಡೂ ಶುರುವಾದವು. ಅಷ್ಟರಲ್ಲಿ ಹೆಂಡತಿಯ ಕರೆ ಬಂತು. “ರೀ, ಅರವತ್ತೆರಡು ಅಂತಿದೆ! ಮೊದಲು ಸಕ್ಕರೆ ಬಾಯಿಗೆ ಹಾಕ್ಕೊಳ್ಳಿ!” ಹಾಕಿಕೊಂಡ. ಹತ್ತು ನಿಮಿಷ ಕಳೆದು ನೋಡಿದರೆ ಐವತ್ತೆಂಟು. ಮತ್ತೆ ಹಾಕಿಕೊಂಡ. ಆ ಮನೆಯ ಯಜಮಾನಿ ಕನಿಕರದಿಂದ ಒಂದು ದೊಡ್ಡ ಲೋಟ ಹಣ್ಣಿನ ರಸ ಕೊಟ್ಟಳು. ಅದನ್ನೂ ಕುಡಿದ. ಐವತ್ತೇಳು.

ಸಂಜೆ ಮನೆಗೆ ಬಂದು ಪಟ್ಟಿ ಬಿಚ್ಚಿ ಕಾಲು ಚಾಚಿದರೆ, ಅರ್ಧ ಗಂಟೆಯಲ್ಲಿ ಅಂಕಿ ಸರಸರನೆ ಏರಿ ಇನ್ನೂರ ಎಂಬತ್ತಕ್ಕೆ ಹೋಗಿ ನಿಂತಿತು. ಹೆಂಡತಿ ಹಳೆಯ ಮೀಟರ್ ತಂದು ಬೆರಳು ಚುಚ್ಚಿ ನೋಡಿದಳು. ಅದೂ ಇನ್ನೂರ ಎಂಬತ್ತರ ಆಸುಪಾಸೇ.

“ಸೆನ್ಸರ್ ಸರಿಯಾಗೇ ಇದೆ,” ಎಂದಳು. “ಕೆಟ್ಟಿರೋದು ನೀವೇ.”

ಅಲ್ಲಿಂದ ಶುರುವಾಯಿತು ನೋಡಿ ಇಬ್ಬರ ತಲೆಬಿಸಿ. ದಿನಾ ಅದೇ ಆಟ. ಕೆಲಸದಲ್ಲಿದ್ದಷ್ಟು ಹೊತ್ತು ಪಾತಾಳ, ಮನೆಗೆ ಬಂದರೆ ಆಕಾಶ. ಸಕ್ಕರೆ ಇಳಿಸಲು ನುಂಗುವ ಬೆಳಗಿನ ಮಾತ್ರೆಯ ತಪ್ಪು ಎಂದುಕೊಂಡರು. ಲಾರಿಯ ಕುಲುಕಾಟದ ತಪ್ಪು ಎಂದ ಡ್ರೈವರ್, ಅದಕ್ಕೆ ಅವನಲ್ಲಿ ಯಾವ ಆಧಾರವೂ ಇರಲಿಲ್ಲ. ಭಾರ ಎತ್ತುವುದೇ ಕಾರಣ ಎಂದು ಹೆಂಡತಿಗೆ ಅನ್ನಿಸಿತು. ಒಂದು ದಿನ ಗಾಜಣ್ಣ ಬೇಕೆಂದೇ ಭಾರ ಮುಟ್ಟದೆ ಬರೀ ಕೂತು ಪುಸ್ತಕ ಕಟ್ಟಿದ. ಆಗಲೂ ಅರವತ್ತು. ಭಾನುವಾರ ರಜೆ, ಮನೆಯಲ್ಲೇ ಇದ್ದ, ಪಟ್ಟಿ ತೊಡಲಿಲ್ಲ. ಇಡೀ ದಿನ ಒಮ್ಮೆಯೂ ಫೋನು ಕೂಗಲಿಲ್ಲ.

“ನೋಡಿದ್ರಾ? ನಿಮಗೆ ಆಗದೇ ಇರೋದು ಆ ಕೆಲಸ,” ಎಂದಳು ಹೆಂಡತಿ. ಬಟ್ಟೆಗೆ ಸೂಜಿ ಚುಚ್ಚುತ್ತ ತಲೆಯೆತ್ತದೆ ಹೇಳಿದ್ದಳು. ಅಳುತ್ತಿದ್ದಾಳೋ ಸಿಟ್ಟಾಗಿದ್ದಾಳೋ ಅವನಿಗೆ ತಿಳಿಯಲಿಲ್ಲ.

ಅವನಿಗೂ ಏನೂ ತಿಳಿಯುತ್ತಿರಲಿಲ್ಲ. ಮೈ ಒಂದು ಹೇಳುತ್ತದೆ, ಫೋನು ಇನ್ನೊಂದು ಹೇಳುತ್ತದೆ, ಯಾರನ್ನು ನಂಬುವುದು? ಮೊದಮೊದಲು ಫೋನು ಕೂಗಿದಾಗ ಮಾತ್ರ ತಲೆ ಸುತ್ತಿದಂತೆ ಅನ್ನಿಸುತ್ತಿತ್ತು. ಆಮೇಲೆ ಅದು ಕೂಗೀತು ಎಂಬ ದಿಗಿಲಿಗೇ ಸುತ್ತತೊಡಗಿತು. ನಿಜವಾಗಿ ಸುತ್ತುತ್ತಿದೆಯೋ, ಸುತ್ತಬೇಕು ಎಂದು ಸುತ್ತುತ್ತಿದೆಯೋ ಎಂದು ಯೋಚಿಸಿ ಯೋಚಿಸಿ ಒಂದು ಲೋಟಕ್ಕೆ ಎರಡು ಸಲ ಕಾಗದ ಸುತ್ತಿ, ಇನ್ನೊಂದಕ್ಕೆ ಸುತ್ತುವುದನ್ನೇ ಮರೆತ. ಜೇಬಿನ ತುಂಬ ಸಕ್ಕರೆ ಪೊಟ್ಟಣ. ಇರುವೆಗಳು ಅವನ ಅಂಗಿಯನ್ನು ಗುರುತು ಹಿಡಿದಿದ್ದವು. ಒಂದು ವಿಷಯ ಮಾತ್ರ ನೆಮ್ಮದಿ ಕೊಡುತ್ತಿತ್ತು: ಸೆನ್ಸರ್ ಭದ್ರವಾಗಿತ್ತು. ಫೋನು ಹೆಚ್ಚು ಕೂಗಿದಷ್ಟೂ ಪಾಪ ಅದಕ್ಕೆ ಏನೋ ಪೆಟ್ಟು ಬೀಳುತ್ತಿರಬೇಕೆಂದು ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತಿದ್ದ.

ಹದಿನಾಲ್ಕನೇ ದಿನ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಮುಂದೆ ಕೂತರು. ಕೆಲಸದ ಮಧ್ಯದಲ್ಲೇ ಬಂದಿದ್ದರಿಂದ ತೋಳಿನ ಪಟ್ಟಿ ಹಾಗೇ ಇತ್ತು. ಡಾಕ್ಟರು ಕಂಪ್ಯೂಟರಿನಲ್ಲಿ ಗೆರೆ ನೋಡುತ್ತ ಹೋದಂತೆ ಅವರ ಹುಬ್ಬು ಮೇಲೇರುತ್ತ ಹೋಯಿತು. ಕೆಲಸವಿದ್ದ ದಿನವೆಲ್ಲ ಬೆಳಗ್ಗೆ ಎಂಟೂವರೆಗೆ ಗೆರೆ ಬಂಡೆಯಿಂದ ಜಿಗಿದಂತೆ ಬೀಳುತ್ತದೆ, ಸಂಜೆ ಆರಕ್ಕೆ ಅಷ್ಟೇ ನೆಟ್ಟಗೆ ಏಳುತ್ತದೆ.

“ಈಗ ಎಷ್ಟು ತೋರಿಸ್ತಿದೆ?” ಎಂದರು.

“ಐವತ್ತಾರು, ಸಾರ್,” ಎಂದ ಗಾಜಣ್ಣ. ಹೇಳುವಾಗಲೇ ಕೈ ಸಕ್ಕರೆಯ ಜೇಬಿಗೆ ಹೋಗಿತ್ತು.

“ತಿನ್ಬೇಡಿ. ಬೆರಳು ಕೊಡಿ.”

ಮೀಟರ್ ಇನ್ನೂರ ತೊಂಬತ್ತೊಂದು ಎಂದಿತು. ಡಾಕ್ಟರು ಇನ್ನೊಂದು ಬೆರಳು ಚುಚ್ಚಿದರು. ಇನ್ನೂರ ಎಂಬತ್ತೆಂಟು. ಮೊದಲ ಸಲ ಎಂಬಂತೆ ಅವನ ತೋಳಿನ ಕಡೆ ನೋಡಿ, “ಅಂಗಿ ತೋಳು ಮೇಲೆತ್ತಿ. ಅದೇನು?” ಎಂದು ಕೇಳಿದರು.

ಗಾಜಣ್ಣ ಹೆಮ್ಮೆಯಿಂದಲೇ ತೋರಿಸಿದ. ಡಾಕ್ಟರು ಪಟ್ಟಿ ಬಿಚ್ಚಿದಾಗ ಅದರಡಿಯ ಚರ್ಮ ಕೆಂಪಾಗಿ, ಔಷಧಿ ಮುಚ್ಚಳದ ಬಳೆಯಂಥ ಗುರುತು ಆಳವಾಗಿ ಮೂಡಿತ್ತು. ಮೂವರೂ ಫೋನು ನೋಡುತ್ತ ಕೂತರು. ಐವತ್ತಾರು, ಎಪ್ಪತ್ತು, ನೂರ ಹದಿನೈದು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಅಂಕಿ ಇನ್ನೂರ ಐವತ್ತು ದಾಟಿತ್ತು.

“ಸೆನ್ಸರನ್ನ ಹೀಗೆ ಒತ್ತಿ ಹಿಡಿದ್ರೆ ಅಡಿಯಲ್ಲಿ ರಕ್ತ ಸರಿಯಾಗಿ ಓಡಾಡಲ್ಲ. ಇಲ್ಲದ ಇಳಿಕೆ ತೋರಿಸುತ್ತೆ. ಆ ಪಕ್ಕಕ್ಕೆ ಒರಗಿ ಕೂತ್ರೂ, ಮಲಗಿದ್ರೂ ಅಷ್ಟೇ. ಇಷ್ಟು ದಿನ ನಿಮ್ಮ ಸಕ್ಕರೆ ಇಳಿದಿರ್ಲೇ ಇಲ್ಲ ಅನ್ಸುತ್ತೆ. ಅದನ್ನ ಏರಿಸಿದ್ದು ನೀವೇ,” ಎಂದರು ಡಾಕ್ಟರು.

ಹೆಂಡತಿ ಸೆರಗು ಬಾಯಿಗೆ ಹಿಡಿದಳು. ನಗುವನ್ನು ತಡೆದಳೋ ಏನೋ, ಕಣ್ಣಲ್ಲಿ ಮಾತ್ರ ನೀರಿತ್ತು. ಅವಳ ಕೈಯೇ ಹೊಲಿದ ಪಟ್ಟಿ ಅದು.

“ಹಾಗಾದ್ರೆ ನನಗೆ ಏನೂ ಆಗಿಲ್ಲ ಅಂತ ಬರ್ಕೊಡ್ತೀರಾ, ಸಾರ್?” ಎಂದು ಕೇಳಿದ ಗಾಜಣ್ಣ.

“ಹೇಗೆ ಬರ್ಕೊಡ್ಲಿ? ಈ ಹದಿನಾಲ್ಕು ದಿನದಲ್ಲಿ ನನಗೆ ಏನೂ ಗೊತ್ತಾಗಿಲ್ಲ. ಆವತ್ತು ಯಾಕೆ ಕೂತ್ರಿ ಅನ್ನೋದಂತೂ ಗೊತ್ತೇ ಇಲ್ಲ. ಇನ್ನೊಂದು ಹಾಕೋಣ. ಪಟ್ಟಿ ಗಿಟ್ಟಿ ಬೇಡ, ಸಡಿಲವಾದ ಅಂಗಿ ಹಾಕಿ. ಅಂಚು ಏಳದ ಹಾಗೆ ತೆಳ್ಳಗಿನ ಅಂಟುಹಾಳೆ ಒಂದು ಸಾಕು. ಬೆರಳು ಚುಚ್ಚೋ ಮೀಟರ್ ಜೇಬಲ್ಲಿರಲಿ, ಫೋನು ಕೂಗಿದಾಗ ಮೊದಲು ಅದನ್ನ ನೋಡಿ. ಆ ತೋಳಿನ ಮೇಲೆ ಒರಗಿದ್ರೆ ನನಗೆ ಹೇಳಿ, ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ.”

ಈ ಸಲ ಸೆನ್ಸರ್ ತೋಳಿನ ಒಳಭಾಗಕ್ಕೆ ಹತ್ತಿರವಾಗಿ ಕೂತಿತು, ಬಾಗಿಲಿಗೆ ತಾಗದ ಕಡೆ. ಆದರೂ ಗಾಜಣ್ಣನಿಗೆ ಸಂಕಟ. ಪ್ಯಾಕಿಂಗ್ ಇಲ್ಲದ ಸಾಮಾನನ್ನು ಲಾರಿಗೆ ಹಾಕುವುದೆಂದರೇನು? ಅವನು ಬಾಗಿಲುಗಳನ್ನು ಅಡ್ಡಡ್ಡಲಾಗಿ ದಾಟಲು ಕಲಿತ. ಪೆಟ್ಟಿಗೆಯನ್ನು ಎಡಹೆಗಲ ಬದಲು ಬಲಹೆಗಲ ಮೇಲೆ ಹೊತ್ತ. ಅಂಗಿಗೆ ಮೊದಲು ಎಡಗೈ ತೂರಿಸಿ, ಬಟ್ಟೆಯನ್ನು ಇನ್ನೊಂದು ಕೈಯಿಂದ ದೂರ ಹಿಡಿದು ಎಳೆದುಕೊಂಡ. ಸ್ನಾನವಾದ ಮೇಲೆ ಅದರ ಸುತ್ತ ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿದ. ಡ್ರೈವರ್ ಅವನ ಎಡಪಕ್ಕಕ್ಕೇ ನಿಂತು ಕೆಲಸ ಮಾಡತೊಡಗಿದ. “ನಿನ್ನನ್ನೇ ಒಂದು ಪೆಟ್ಟಿಗೆಗೆ ಹಾಕಿ ‘ಜೋಪಾನ’ ಅಂತ ಬರೆದುಬಿಡ್ಲಾ ಅಣ್ಣ?” ಎಂದು ದಿನಕ್ಕೊಮ್ಮೆ ಕೇಳುತ್ತಿದ್ದ.

ಐದು ದಿನ ಫೋನು ತುಟಿ ಪಿಟಕ್ಕೆನ್ನಲಿಲ್ಲ. ಹತ್ತು ದಿನವಾಯಿತು. ಮನೆಯಲ್ಲಿ ನಗು ವಾಪಸು ಬಂತು. ಹೆಂಡತಿ ಹೊಲಿಗೆಯ ನಡುವೆ ಫೋನು ನೋಡಿ “ನೂರ ಮೂವತ್ತು” ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಇನ್ನು ನಾಲ್ಕೇ ದಿನ, ಆಮೇಲೆ ಡಾಕ್ಟರ ಚೀಟಿ ಕೈಗೆ, ಚೀಟಿ ಒಡತಿಯ ಕೈಗೆ.

ಹನ್ನೆರಡನೇ ದಿನ ಒಂದು ದೊಡ್ಡ ಮನೆ. ಎರಡನೇ ಮಹಡಿ, ಗಾಜಿನ ಬಾಗಿಲಿನ ಕಪಾಟುಗಳೇ ಏಳು. ಸಾಮಾನು ಮುಗಿಯುವುದರೊಳಗೆ ಊಟದ ಹೊತ್ತು ಮೀರಿ ಎರಡು ಗಂಟೆಯಾಯಿತು. ಇದೊಂದು ಪೆಟ್ಟಿಗೆ, ಇನ್ನೊಂದೇ ಪೆಟ್ಟಿಗೆ ಎಂದು ಗಾಜಣ್ಣ ಎದ್ದಿರಲಿಲ್ಲ. ಬೆಳಗಿನ ಮಾತ್ರೆ ಮಾತ್ರ ತಪ್ಪದೆ ನುಂಗಿದ್ದ. ಕೊನೆಯ ಕಪಾಟಿನ ಮೇಲಿನ ಅರೆಗೆ ಏಣಿ ಹಾಕಿ ಒಂದು ಕಾಲಿಟ್ಟಾಗ ಫೋನು ಕೂಗಿತು.

ಅರವತ್ತೊಂದು.

ಸುಳ್ಳು, ಎಂದುಕೊಂಡ. ತೋಳು ನೋಡಿಕೊಂಡ. ಅಂಟುಹಾಳೆ ಸರಿಯಾಗಿತ್ತು, ಏನೂ ಒತ್ತುತ್ತಿರಲಿಲ್ಲ. ಇಷ್ಟು ಹೊತ್ತು ಎಲ್ಲಾದರೂ ಒರಗಿದ್ದೆನೇ? ಕಪಾಟಿಗೆ? ಗೋಡೆಗೆ? ಒರಗಿದ್ದಂತೆಯೂ ಅನ್ನಿಸಿತು, ಇಲ್ಲವೆಂದೂ ಅನ್ನಿಸಿತು. ಇಪ್ಪತ್ತು ದಿನಗಳಿಗೂ ಹೆಚ್ಚು ಕಾಲ ಆ ಯಂತ್ರದ ಜೊತೆ ಬಾಳಿ ಅವನಿಗೆ ತನ್ನ ಮೈಯ ಸುದ್ದಿಯೇ ಮರೆತುಹೋಗಿತ್ತು. ಏಣಿಯಿಂದ ಕಾಲು ತೆಗೆದ. ಜೇಬಿನಿಂದ ಮೀಟರ್ ತೆಗೆಯುವಾಗ ಅದು ಕೈಯಲ್ಲಿ ಕುಣಿಯಿತು. ಯಾಕೆ ಕುಣಿಯುತ್ತಿದೆ ಎಂದು ಒಂದು ಗಳಿಗೆ ಅರ್ಥವಾಗಲಿಲ್ಲ, ಆಮೇಲೆ ನಡುಗುತ್ತಿದ್ದದ್ದು ಕೈ ಎಂದು ಗೊತ್ತಾಯಿತು. ಹಣೆಯಿಂದ ತಣ್ಣನೆಯ ಬೆವರು ಇಳಿದು ಕಣ್ಣಿಗೆ ಬಿತ್ತು.

ಬೆರಳು ಚುಚ್ಚಲು ಮೂರು ಸಲ ಪ್ರಯತ್ನಿಸಬೇಕಾಯಿತು. ಮೀಟರ್ ಐವತ್ತಾರು ಎಂದಿತು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಡ್ರೈವರ್ ಕೆಳಗೆ ಲಾರಿಯ ಹತ್ತಿರ ಹಗ್ಗ ಬಿಗಿಯುತ್ತಿದ್ದ. ಗಾಜಣ್ಣ ನೆಲದ ಮೇಲೆ ಕೂತು ಸಕ್ಕರೆಯ ಪೊಟ್ಟಣ ಹಲ್ಲಿನಿಂದ ಹರಿದು ಬಾಯಿಗೆ ಸುರಿದುಕೊಂಡ, ಇನ್ನೊಂದನ್ನೂ ಸುರಿದುಕೊಂಡ. ಆಗ ಹೆಂಡತಿಯ ಕರೆ ಬಂತು.

“ರೀ, ಅರವತ್ತೊಂದು ಅಂತ ಬಂತು.” ಅವಳ ದನಿಯಲ್ಲಿ ಗಾಬರಿ ಇರಲಿಲ್ಲ. “ಎಲ್ಲೋ ಒರಗಿದೀರಿ ಅಲ್ವಾ? ಡಾಕ್ಟರು ಹೇಳಿದ್ರಲ್ಲ, ಒರಗಿದ್ರೆ ಹಾಗಾಗುತ್ತೆ ಅಂತ. ಗೋಡೆಗೆ ಒರಗಿದ್ರಿ ತಾನೇ? ಬರೆದಿಟ್ಕೊಳ್ತೀನಿ, ಲೆಕ್ಕಕ್ಕೆ ತಗೊಳ್ಳಲ್ಲ ಅವರು.”

ಗಾಜಣ್ಣ ಬಾಯಿ ತೆರೆದ. ‘ಹೂಂ’ ಎಂದರೆ ಆಗಿಹೋಗುತ್ತಿತ್ತು. ಅವಳು ಬರೆದಿಡುತ್ತಿದ್ದಳು, ಡಾಕ್ಟರು ನಂಬುತ್ತಿದ್ದರು, ಚೀಟಿ ಸಿಗುತ್ತಿತ್ತು. ಹೂಂ ಎನ್ನಬೇಕೆಂದು ಅವನಿಗೆ ನಿಜವಾಗಿಯೂ ಆಸೆಯಾಯಿತು, ಬಾಯಿಗೆ ನೀರು ಬರುವಷ್ಟು ಆಸೆ. ಎದುರಿಗೆ ಖಾಲಿ ಏಣಿ ನಿಂತಿತ್ತು. ಇನ್ನು ಎರಡು ಮೆಟ್ಟಿಲು ಹತ್ತಿದ್ದರೆ ಏನಾಗುತ್ತಿತ್ತು ಎಂದು ಅವನಿಗೆ ಚೆನ್ನಾಗಿ ಗೊತ್ತಾಯಿತು. ಇಷ್ಟು ದಿನ ಏನೂ ಗೊತ್ತಾಗದೆ ಒದ್ದಾಡಿದವನಿಗೆ ಈಗ ಗೊತ್ತಾದದ್ದು ಬೇಡವಾಗಿತ್ತು. ಅವನಿಗೆ ತುಂಬ ಭಯವಾಯಿತು.

“ಹಲೋ? ಕೇಳಿಸ್ತಿದೆಯಾ? ಒರಗಿದ್ರಿ ತಾನೇ?”

“ಇಲ್ಲ ಕಣೇ,” ಎಂದ. “ಒರಗಿರ್ಲಿಲ್ಲ. ಬೆರಳು ಚುಚ್ಚಿ ನೋಡ್ದೆ. ಈ ಸಲ ನಿಜ.”

ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.

“ಕೂತಿದೀರಾ?”

“ಕೂತಿದೀನಿ.”

“ಏಳ್ಬೇಡಿ. ಅಲ್ಲೇ ಇರಿ, ನಾನು ಬರ್ತೀನಿ,” ಎಂದಳು, ಮತ್ತು ಚಪ್ಪಲಿ ಹುಡುಕಿಕೊಳ್ಳುವಾಗಲೂ ಫೋನು ಇಡಲಿಲ್ಲ.